ಹೆಂಚುಗಾರನ ಮಣ್ಣು

ಅಗ್ರಿಪಿನಾ ತಮ್ಮನ ಎದೆಯ ಮೇಲಿದ್ದ ರಟ್ಟನ್ನು ಕಿತ್ತು, ಮೊಣಕಾಲಿಗೆ ಊರಿ ಎರಡಾಗಿ ಮುರಿದು ಒಲೆಗೆ ತುರುಕಿದಳು. ರಟ್ಟಿನ ಮೇಲಿನ ಕೆಂಪು ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೊದಲು ಬರೀ ಹೊಗೆ ಬಂತು, ಆಮೇಲೆ ಉರಿ ಹತ್ತಿಕೊಂಡಿತು. ಅವಳು ಅದರ ಮೇಲೆ ನೀರಿನ ಗಡಿಗೆ ಇಟ್ಟಳು.

"ಅದ್ರಲ್ಲಿ ಏನು ಬರ್ದಿತ್ತು ಗೊತ್ತಾ ಅಕ್ಕಾ?" ಹಿಲಾರಿಯಾ ಕೇಳಿದಳು. ಹತ್ತು ತಿಂಗಳ ಮಗು ಅವಳ ಬೆನ್ನಿನ ಕಂಬಳಿಯಲ್ಲಿ ನಿದ್ದೆಹೋಗಿತ್ತು.

"ನಂಗೆ ಓದಕ್ಕೆ ಬರಲ್ಲ."

"ಮೂರು ದಿನ ಯಾರೂ ಮುಟ್ಟಬಾರ್ದು ಅಂತ. ಮುಟ್ಟಿದೋರಿಗೂ ಇದೇ ಗತಿ ಅಂತ."

"ನೋಡು, ಓದು ಬರ್ದೇ ಇದ್ದಿದ್ದು ಒಳ್ಳೇದೇ ಆಯ್ತು. ನೀನು ಓದಿದೋಳು, ನೀನು ಹೆದರ್ಕೋ. ನಾನು ನೀರು ಕಾಯಿಸ್ತೀನಿ."

ಅಗ್ರಿಪಿನಾಳ ತಮ್ಮ, ಹಿಲಾರಿಯಾಳ ಗಂಡ ಸೆರಾಪಿಯೋ ಯುಪಾರಿ ತನ್ನ ಹೆಂಚಿನ ಗೂಡಿನ ಪಕ್ಕದಲ್ಲೇ, ಹುಲ್ಲಿನ ಮೇಲೆ ಹೆಣವಾಗಿ ಅಂಗಾತ ಮಲಗಿದ್ದ. ಹಿಂದಿನ ದಿನ ಹೊತ್ತು ಮುಳುಗುವ ಮೊದಲು ಗುಡ್ಡದಿಂದ ಐವರು ಇಳಿದು ಬಂದಿದ್ದರು. ನಾಲ್ವರು ಗಂಡಸರು, ಒಬ್ಬ ಹೆಂಗಸು. ಹಿಲಾರಿಯಾಳನ್ನು ಒಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ಎರಡು ಗುಂಡು ಹಾರಿದವು. ಪುಕಾಪಾತಾ ಊರಿನಲ್ಲಿ ಎಪ್ಪತ್ತು ಮನೆಗಳಿವೆ. ಎಪ್ಪತ್ತು ಮನೆಗಳಿಗೂ ಸದ್ದು ಕೇಳಿತ್ತು. ಬೆಳಗಾಗುವವರೆಗೂ ಒಂದು ಬಾಗಿಲೂ ತೆರೆಯಲಿಲ್ಲ.

ಗುಂಡು ಹಾರಿಸಿದವರನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಪಾರ್ಟಿ' ಎನ್ನುತ್ತಿದ್ದರು, ಅದೂ ದನಿ ತಗ್ಗಿಸಿ. ಬಡವರ ರಾಜ್ಯ ತರುತ್ತೇವೆ ಎಂದು ಬಂದವರು ಆರು ವರ್ಷಗಳಲ್ಲಿ ಅಯಾಕುಚೋ ಸೀಮೆಯ ಈ ಗುಡ್ಡಗಳಲ್ಲಿ ಕೊಂದವರೆಲ್ಲ ಬಡವರೇ.

ನೀರು ಕಾದಾಗ ತಾಯ್ತಾ ನಿಕಾನೋರ್ ಬಂದ. ಊರಿಗೆಲ್ಲ ತಂದೆಯ ಸ್ಥಾನದವನಾದ್ದರಿಂದ ಎಲ್ಲರೂ ಅವನನ್ನು ತಾಯ್ತಾ ಎಂದೇ ಕರೆಯುತ್ತಿದ್ದರು. ಊರ ಹಿರಿಯನೆಂಬ ಗುರುತಿನ ಬೆಳ್ಳಿಕಟ್ಟಿನ ಕೋಲನ್ನು ಪಾರ್ಟಿಯವರು ಚೌಕದ ನಡುವೆ ಮುರಿದು ಹಾಕಿದ ಮೇಲೆ ಅವನು ಬರಿಗೈಯಲ್ಲೇ ಓಡಾಡುತ್ತಿದ್ದ. ಗೋಡೆಯ ಮರೆಯಲ್ಲೇ ನಿಂತು ಟೋಪಿ ತೆಗೆದ.

"ಅಗ್ರಿಪಿನಾ, ರಟ್ಟೆಲ್ಲಿ?"

"ಒಲೇಲಿ."

ನಿಕಾನೋರ್ ಒಲೆಯತ್ತ ನೋಡಿದ. "ಮೂರೇ ದಿನ ಮಗಳೇ. ಮೂರು ದಿನ ಆದ್ಮೇಲೆ ಎಲ್ರೂ ಸೇರಿ ಚೆನ್ನಾಗಿ ಮಣ್ಣು ಮಾಡೋಣ. ಸತ್ತೋನಿಗೆ ಆತುರ ಇಲ್ಲ. ಊರಲ್ಲಿ ಮಕ್ಕಳು ಮರಿ ಇದಾವೆ."

"ಮೂರು ದಿನ ಬಿಟ್ಟ ಹೆಣ ಹೇಗಿರ್ತದೆ ಅಂತ ನೀವೂ ನೋಡಿದೀರಿ, ನಾನೂ ನೋಡಿದೀನಿ, ತಾಯ್ತಾ."

"ಅದು ಬೇರೆ."

"ಹೌದು, ಬೇರೆ. ಆಗ ನಾವು ಚಪ್ಪಾಳೆ ತಟ್ಟಿದ್ವಿ."

ಮುದುಕ ಟೋಪಿ ಹಾಕಿಕೊಂಡ. ಬಂದ ದಾರಿಯಲ್ಲೇ ಹೋದ.

* * *

ಚಪ್ಪಾಳೆ ತಟ್ಟಿದ್ದು ಆರು ವರ್ಷದ ಕೆಳಗೆ, ಗಿರಣಿಯ ಬೆರ್ನಾಬೆ ಸತ್ತ ದಿನ. ಅವನು ಸೆರಾಪಿಯೋಗೆ ಸೋದರಮಾವ. ತೊರೆಯ ದಂಡೆಯಲ್ಲಿ ನೀರಿನಿಂದ ತಿರುಗುವ ಗಿರಣಿ ಇಟ್ಟುಕೊಂಡಿದ್ದ. ಒಮ್ಮೆ ಸೈನಿಕರು ನಾಲ್ಕು ಮೂಟೆ ಗೋಧಿ ತಂದು ಬೀಸಿಕೊಡು ಎಂದರು, ಬೀಸಿಕೊಟ್ಟ. ಅಷ್ಟೇ ಅವನ ಅಪರಾಧ. ಪಾರ್ಟಿಯವರು ಊರನ್ನೆಲ್ಲ ಚೌಕಕ್ಕೆ ಕರೆಸಿ, ಇವನು ಜನದ್ರೋಹಿ, ಹೌದೋ ಅಲ್ಲವೋ ಎಂದು ಕೇಳಿದರು. ಬಂದೂಕು ಸುತ್ತಲೂ ಇತ್ತು. ಜನ ಹೌದು ಎಂದರು. ಚಪ್ಪಾಳೆ ತಟ್ಟಿ ಎಂದರು. ತಟ್ಟಿದರು. ಹತ್ತೊಂಬತ್ತು ವರ್ಷದ ಸೆರಾಪಿಯೋ ಕೂಡ ತಟ್ಟಿದ.

ಬೆರ್ನಾಬೆಯ ಹೆಣ ಚರ್ಚಿನ ಮೆಟ್ಟಿಲ ಮೇಲೆ ಬಿದ್ದಿತ್ತು. ಎದೆಯ ಮೇಲೆ ಇಂಥದೇ ರಟ್ಟು. ಮೂರು ದಿನ ಯಾರೂ ಮುಟ್ಟಬಾರದು.

ಮೊದಲ ದಿನ ಮಧ್ಯಾಹ್ನಕ್ಕೇ ನಾಯಿಗಳು ಬಂದವು. ಸೆರಾಪಿಯೋ ಚರ್ಚಿನ ಎದುರಿನ ಗೋಡೆ ಹತ್ತಿ ಕೂತು ಕವಣೆಯಿಂದ ಕಲ್ಲು ಬೀಸತೊಡಗಿದ. ಅಗ್ರಿಪಿನಾ ಓಡಿ ಬಂದು ಇಳಿ, ಸಾಯಿಸ್ತಾರೆ ಎಂದಳು.

"ಮುಟ್ಟಬೇಡಿ ಅಂದಿದಾರೆ. ನಾನು ಮುಟ್ತಿಲ್ವಲ್ಲ," ಎಂದ ಅವನು. "ನಾಯಿ ಓಡಿಸಬೇಡಿ ಅಂತ ಬರ್ದಿಲ್ಲ."

ಮೂರು ದಿನವೂ ಆ ಗೋಡೆಯ ಮೇಲೇ ಕೂತಿದ್ದ. ಅಕ್ಕ ತಂದ ಬೇಯಿಸಿದ ಆಲೂಗಡ್ಡೆಯನ್ನು ಒಂದು ಕೈಯಲ್ಲಿ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಕವಣೆ ಹಿಡಿದಿದ್ದ. ಎರಡನೆಯ ದಿನ ಬಂದ ನಾಯಿಗಳಲ್ಲಿ ಅವನು ಸಾಕಿದ್ದ ಕಂದು ನಾಯಿಯೂ ಒಂದು. ಅದು ಅವನನ್ನು ನೋಡಿ ಬಾಲ ಅಲ್ಲಾಡಿಸಿತು. ಅದಕ್ಕೂ ಹೊಡೆದ. ಅದು ಕುಂಟುತ್ತಾ ಓಡಿಹೋಯಿತು, ಮತ್ತೆ ಮನೆಗೆ ಬರಲಿಲ್ಲ.

ನಾಲ್ಕನೆಯ ದಿನ ಬೆರ್ನಾಬೆಯನ್ನು ಮಣ್ಣು ಮಾಡಿದರು. ಐದನೆಯ ದಿನ ಬೆಳಿಗ್ಗೆ ಸೆರಾಪಿಯೋ ಕಣಿವೆಗೆ ಇಳಿದು ಸೈನ್ಯದ ಠಾಣ್ಯದ ಮುಂದೆ ನಿಂತ.

ಆ ಕಾಲದಲ್ಲಿ ಸೈನ್ಯಕ್ಕೆ ತಾನಾಗಿ ಹೋಗುವವರು ಇರಲಿಲ್ಲ. ಸಂತೆಯ ದಿನ ಲಾರಿ ಬರುತ್ತಿತ್ತು. ಸಿಕ್ಕ ಹುಡುಗರನ್ನು ಎತ್ತಿ ಹಾಕಿಕೊಂಡು ಹೋಗುತ್ತಿತ್ತು. ಲಾರಿಯ ಸದ್ದು ಕೇಳಿದರೆ ಗಂಡುಹುಡುಗರು ಜೋಳದ ಹೊಲಕ್ಕೆ ನುಗ್ಗುತ್ತಿದ್ದರು.

"ಯಾರು ಹಿಡ್ಕೊಂಡು ಬಂದ್ರು ನಿನ್ನ?" ಸಾರ್ಜೆಂಟ್ ಕೇಳಿದ.

"ಯಾರೂ ಇಲ್ಲ. ನಾನೇ ಬಂದೆ."

"ಯಾಕೆ? ಊಟಕ್ಕಾ?"

"ಅಲ್ಲ. ನಾಯಿ ಓಡಿಸಿ ಓಡಿಸಿ ಸಾಕಾಯ್ತು."

ಸಾರ್ಜೆಂಟ್ ಪಕ್ಕದವನ ಮುಖ ನೋಡಿ ನಕ್ಕ. ಗುಡ್ಡದ ಮೇಲಿನವರ ಮಾತೇ ಹೀಗೆ ಎಂದುಕೊಂಡಿರಬೇಕು. ಪುಸ್ತಕದಲ್ಲಿ 'ಸ್ವ ಇಚ್ಛೆಯಿಂದ' ಎಂದು ಬರೆದು, ಕಾಲಿಗೆ ಎರಡು ಅಳತೆ ದೊಡ್ಡದಾದ ಬೂಟು ಕೊಟ್ಟ.

* * *

ಅಗ್ರಿಪಿನಾ ಮೈ ತೊಳೆದಳು, ಹಿಲಾರಿಯಾ ಒರೆಸಿದಳು. ಉಗುರಿನ ಸಂದಿಯ ಜೇಡಿಮಣ್ಣು ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಬಿಡು ಅಕ್ಕಾ. ಮದುವೆ ದಿನಾನೂ ಹೋಗಿರ್ಲಿಲ್ಲ."

ಅಗ್ರಿಪಿನಾ ಒಳಗೆ ಹೋಗಿ ಪೆಟ್ಟಿಗೆಯಿಂದ ಹಸಿರು ಅಂಗಿ ತಂದಳು. ಎರಡು ವರ್ಷ ಸೈನ್ಯದಲ್ಲಿ ಹಾಕಿಕೊಂಡಿದ್ದ ಅಂಗಿ. ಮಡಿಕೆಯಲ್ಲಿ ಬಣ್ಣ ಮಾಸಿತ್ತು.

"ಇದನ್ನ ಹಾಕೋಣ. ಯಾರನ್ನ ಕೊಂದಿದೀವಿ ಅಂತ ಅವ್ರಿಗೆ ಗೊತ್ತಾಗ್ಲಿ."

"ಬೇಡ."

"ಯಾಕೆ ಬೇಡ? ನಿನ್ನ ಗಂಡ ಸೈನಿಕ ಅಲ್ವಾ?"

"ಆಗಿದ್ದ. ಹಾಕ್ಕೊಂಡಿದ್ದೂ ಅವ್ನೇ, ಬಿಚ್ಚಿಟ್ಟಿದ್ದೂ ಅವ್ನೇ. ವಾಪಸ್ ಬಂದು ನಾಲ್ಕು ವರ್ಷದಲ್ಲಿ ಒಂದ್ಸಲಾನಾದ್ರೂ ತೆಗೆದು ಹಾಕ್ಕೊಂಡಿದ್ನಾ ಕೇಳು."

"ಮತ್ತೆ ಎಸೀದೆ ಇಟ್ಕೊಂಡಿದ್ದ ಯಾಕೆ?"

ಹಿಲಾರಿಯಾ ಅಂಗಿಯನ್ನು ಅಕ್ಕನ ಕೈಯಿಂದ ತೆಗೆದುಕೊಂಡು ಮೂರು ಸಲ ಮಡಿಸಿ, ಸೆರಾಪಿಯೋನ ತಲೆಯ ಕೆಳಗೆ ಇಟ್ಟಳು. ಮೈಗೆ ಮದುವೆಯ ಬಿಳಿ ಅಂಗಿ ತೊಡಿಸಿದಳು.

* * *

ಸೈನ್ಯದ ಮಾತನ್ನು ಅವನು ಹೆಂಡತಿಗೆ ಹೇಳಿದ್ದು ಒಂದೇ ಸಲ. ಮದುವೆಯಾದ ಹೊಸತು. ಇಬ್ಬರೂ ಗುಂಡಿಯಲ್ಲಿ ಮೊಣಕಾಲವರೆಗೆ ಇಳಿದು ಹೆಂಚಿನ ಮಣ್ಣು ತುಳಿಯುತ್ತಿದ್ದರು. ಕೆಳಗೆ ನೋಡುತ್ತಲೇ ಹೇಳಿದ್ದ.

ನದಿಯಾಚೆಯ ಒಂದು ಹಳ್ಳಿಗೆ ಅವರ ತುಕಡಿ ಹೋಗಿತ್ತು. ಈ ಮನೆಯವರು ಪಾರ್ಟಿಯವರಿಗೆ ಗಂಜಿ ಹಾಕಿದ್ದಾರೆ, ಸುಡಿ ಎಂದ ಲೆಫ್ಟಿನೆಂಟ್. ಒಳಗೆ ಒಬ್ಬ ಮುದುಕಿ ಕೂತಿದ್ದಳು, ಎದ್ದು ಬರಲೊಲ್ಲಳು. ಸೀಮೆಎಣ್ಣೆಯ ಡಬ್ಬ ಸೆರಾಪಿಯೋನ ಕೈಯಲ್ಲಿತ್ತು.

"ನಾನಂದೆ, ಸಾರ್, ನಮ್ಮ ಮಾವ ನಿಮಗೆ ಹಿಟ್ಟು ಬೀಸಿಕೊಟ್ಟ ಅಂತ ಅವ್ರು ಕೊಂದ್ರು. ಈ ಅಜ್ಜಿ ಅವ್ರಿಗೆ ಗಂಜಿ ಕೊಟ್ಳು ಅಂತ ನೀವು ಸುಡ್ತೀರಿ. ಬಂದೂಕು ಹಿಡ್ಕೊಂಡು ಬಂದು ಕೇಳಿದ್ರೆ ಯಾರು ತಾನೆ ಇಲ್ಲ ಅಂತಾರೆ."

"ಅವನೇನಂದ?"

"ಕಪಾಳಕ್ಕೆ ಬಿಟ್ಟ. ಡಬ್ಬ ನನ್ನ ಜೊತೆಗಿದ್ದ ಅಬೆಲಾರ್ದೋ ಕೈಗೆ ಕೊಟ್ಟ. ಅಬೆಲಾರ್ದೋ ಕೆಳಗಿಟ್ಟ. ಅವನಿಗೂ ಬಿತ್ತು. ಹದಿನೈದು ದಿನ ಇಬ್ರೂ ನದಿಯಿಂದ ಕಲ್ಲು ಹೊತ್ವಿ."

"ಮನೆ?"

"ಮುದುಕಿ ಹೊರಗೆ ಬಂದ್ಳು. ಆಮೇಲೆ ಬೇರೆಯೋರು ಸುಟ್ರು."

ಹಿಲಾರಿಯಾ ಸ್ವಲ್ಪ ಹೊತ್ತು ಮಣ್ಣು ತುಳಿದಳು. "ಹಂಗಾದ್ರೆ ಹೋಗಿದ್ದೇ ತಪ್ಪಾಯ್ತು ಅಂತೀಯಾ?"

"ಇಲ್ಲ. ಬಂದೂಕು ಕಂಡ್ರೆ ಕಾಲು ನಡುಗದೇ ನಿಲ್ಲೋದು ಅಲ್ಲೇ ಕಲ್ತಿದ್ದು. ಹೋಗ್ದೇ ಇದ್ದಿದ್ರೆ ಇವತ್ತಿಗೂ ಚಪ್ಪಾಳೆ ತಟ್ತಾ ಇರ್ತಿದ್ದೆ." ಅವನು ಕಾಲು ಕಿತ್ತು ಪಕ್ಕದಲ್ಲಿ ಊರಿದ. "ಆದ್ರೆ ಸೈನ್ಯ ಬರ್ತದೆ, ಹೋಗ್ತದೆ. ಪಾರ್ಟಿಯೋರೂ ಬರ್ತಾರೆ, ಹೋಗ್ತಾರೆ. ಹೋಗಕ್ಕೆ ಬೇರೆ ಜಾಗ ಇಲ್ದೋರು ನಾವು. ಊರು ಕಾಯೋದು ನಮ್ಮ ಕೆಲಸ, ಅವ್ರದ್ದಲ್ಲ."

ಆಮೇಲಿನ ಎರಡು ವರ್ಷ ಅವನು ಹೆಂಚು ಹೊದಿಸಲು ಹೋದ ಮನೆಯಲ್ಲೆಲ್ಲ ಇದೇ ಮಾತು. ಸೂರಿನ ಮೇಲೆ ಕೂತು ಕೆಳಗಿನವರಿಗೆ ಹೇಳುತ್ತಿದ್ದ. ಸರದಿ ಹಾಕಿಕೊಂಡು ದಿಬ್ಬದ ಮೇಲೆ ಕಾವಲು ಕೂರೋಣ, ಐವರು ಬಂದರೆ ನಾವು ಇನ್ನೂರು ಜನ ಇದ್ದೇವೆ ಎನ್ನುತ್ತಿದ್ದ. ಜನ ಅವನಿಗೆ ಜನರಲ್ ಎಂದು ಹೆಸರಿಟ್ಟರು. ಜನರಲ್, ಆ ಮೂಲೆ ಸೋರ್ತದೆ ನೋಡು ಎನ್ನುತ್ತಿದ್ದರು. ಅವನು ಆ ಮೂಲೆಯನ್ನೂ ಸರಿಮಾಡಿ ಇಳಿಯುತ್ತಿದ್ದ. ಕಾವಲಿಗೆ ಒಪ್ಪಿದವರು ಮೂವರೇ. ಅವರಲ್ಲಿ ಒಬ್ಬಳು ಅವನ ಹೆಂಡತಿ, ಇನ್ನೊಬ್ಬಳು ಅಕ್ಕ.

* * *

ಮೂರನೆಯವನು ಅಬೆಲಾರ್ದೋ. ತೊರೆಯಾಚೆಯ ಹಳ್ಳಿಯವನು, ಸೆರಾಪಿಯೋನ ಮಗುವನ್ನು ಜ್ಞಾನಸ್ನಾನದಲ್ಲಿ ಎತ್ತಿ ಹಿಡಿದು ಅವನಿಗೆ ಕೊಂಪಾದ್ರೆ, ಅಂದರೆ ನೆಂಟನಂತೆ ಆದವನು. ನೀರಿನ ಪೈಪು ಕೊಯ್ದು ಮಾಡಿದ ಕೋವಿಯನ್ನು ಹೆಗಲಿಗೆ ನೇತುಹಾಕಿಕೊಂಡು ಹತ್ತು ಗಂಟೆಯ ಹೊತ್ತಿಗೆ ಬಂದ. ಹೆಣದ ಮುಂದೆ ಕುಕ್ಕರಗಾಲಲ್ಲಿ ಕೂತು, ಮೂರು ಕೋಕಾ ಎಲೆ ಆರಿಸಿ ಅಂಗಿಯ ಜೇಬಿಗೆ ಇಟ್ಟ.

"ದಾರಿಗೆ ಇರ್ಲಿ ಕೊಂಪಾದ್ರೆ," ಎಂದ. ಮೂಗು ಒರೆಸಿಕೊಂಡು ಎದ್ದ. "ಪೆಟ್ಟಿಗೆ?"

"ಎಲ್ಲಿಂದ ಬರ್ತದೆ ಪೆಟ್ಟಿಗೆ," ಎಂದಳು ಅಗ್ರಿಪಿನಾ. "ಗೂಡಿನ ಏಣಿ ಇದೆ."

ಏಣಿಯ ಮೇಲೆ ಕಂಬಳಿ ಹಾಸಿ, ಮಲಗಿಸಿ, ಉಣ್ಣೆಯ ಹಗ್ಗದಿಂದ ಕಟ್ಟಿದರು. ಹೊರಲು ನಾಲ್ವರು ಬೇಕು, ಇದ್ದವರು ಮೂವರು. ಅಬೆಲಾರ್ದೋ ಮುಂದುಗಡೆ ಏಣಿಯ ಎರಡು ಕಾಲುಗಳ ನಡುವೆ ತಲೆ ತೂರಿಸಿ ಎರಡೂ ಭುಜಕ್ಕೆ ಕೊಟ್ಟ. ಹಿಂದೆ ಅಕ್ಕ ಒಂದು ಕಡೆ, ಹೆಂಡತಿ ಒಂದು ಕಡೆ.

"ತೊರೆ ಪಕ್ಕದ ದಾರೀಲಿ ಹೋದ್ರೆ ಯಾರ ಕಣ್ಣಿಗೂ ಬೀಳಲ್ಲ," ಎಂದ ಅಬೆಲಾರ್ದೋ.

"ಅವನೇನು ಕದ್ದ ಕುರಿನಾ? ಬೀದೀಲೇ ನಡಿ," ಎಂದಳು ಅಗ್ರಿಪಿನಾ.

ಬೀದಿ ಖಾಲಿಯಿತ್ತು. ಹಂದಿಯೊಂದು ಕಟ್ಟಿದ ಹಗ್ಗ ಎಳೆದಾಡುತ್ತಿತ್ತು. ಬಾಗಿಲ ಸಂದಿಗಳಲ್ಲಿ ಕಣ್ಣುಗಳಿದ್ದವು. ಹತ್ತು ಹೆಜ್ಜೆಗೊಮ್ಮೆ ಅಗ್ರಿಪಿನಾ ನಿಲ್ಲಿಸುತ್ತಿದ್ದಳು. ಭಾರಕ್ಕೆ ನಿಲ್ಲುತ್ತಿದ್ದಾಳೆ ಎಂದು ಹಿಲಾರಿಯಾ ಮೊದಲು ಅಂದುಕೊಂಡಳು.

"ಏಯ್ ಪ್ರುದೆನ್ಸಿಯೋ," ಅಗ್ರಿಪಿನಾ ಮುಚ್ಚಿದ ಬಾಗಿಲಿಗೆ ಹೇಳಿದಳು. "ಹೋದ ಮಳೇಲಿ ನಿನ್ನ ಹೆಂಡ್ತಿ ಬಾಣಂತಿ, ಮಂಚದ ಮೇಲೆ ನೀರು ಸುರೀತಿತ್ತು. ಏಣಿ ಹತ್ತಿದೋನು ಯಾರು? ಇದೇ ಏಣಿ. ಬಂದು ನೋಡು, ಗುರುತು ಸಿಗ್ತದೆ."

ಬಾಗಿಲು ಅಲ್ಲಾಡಲಿಲ್ಲ.

"ಬೇಡ ಬಿಡು. ಒಳಗೇ ಇರು. ಮೇಲೆ ಹೆಂಚು ಗಟ್ಟಿಯಾಗಿದೆ, ಬೆಚ್ಚಗಿರ್ತದೆ."

ಮುಂದಿನ ಮನೆ ಬೆರ್ನಾಬೆಯ ವಿಧವೆ ಕಸಿಮಿರಾಳದು. ಅಗ್ರಿಪಿನಾ ಬಾಯಿ ತೆರೆಯುವ ಮೊದಲೇ ಬಾಗಿಲು ತೆರೆದುಕೊಂಡಿತು. ಮುದುಕಿ ಕರಿ ಶಾಲು ಹೊದ್ದು ಸಿದ್ಧಳಾಗಿ ನಿಂತಿದ್ದಳು.

"ನಂಗೆ ಬೈಬೇಡ್ವೇ. ಕಾಲು ಹಿಡ್ಕೊಂಡಿತ್ತು, ಚಪ್ಪಲಿ ಹಾಕ್ಕೊಳಕ್ಕೆ ಹೊತ್ತಾಯ್ತು," ಎಂದು ಬಂದವಳೇ ಹಿಲಾರಿಯಾಳ ಪಕ್ಕ ಏಣಿಗೆ ಹೆಗಲು ಕೊಟ್ಟಳು. "ನನ್ನ ಗಂಡನ್ನ ಮೂರು ದಿನ ಕಾಯ್ದ ಹುಡ್ಗ ಇವನು. ಇವನನ್ನ ಒಂದು ದಿನ ಹೊರಕ್ಕಾಗಲ್ವಾ ನಂಗೆ."

ಆಮೇಲೆ ಹಿಂದೆ ಬಾಗಿಲು ಕಿರುಗುಟ್ಟಿದ ಸದ್ದು. ಪ್ರುದೆನ್ಸಿಯೋ ತಲೆ ತಗ್ಗಿಸಿಕೊಂಡು ಓಡಿಬಂದು ಮುದುಕಿಯ ಜಾಗ ತೆಗೆದುಕೊಂಡ. ಅವನ ಹೆಂಡತಿಯೂ ಬಂದಳು, ಕೈಯಲ್ಲಿ ಸಾರಾಯಿ ಬಾಟಲಿ. ಚೌಕ ದಾಟುವ ಹೊತ್ತಿಗೆ ಹನ್ನೆರಡು ಜನರಿದ್ದರು. ಎಷ್ಟೋ ಬಾಗಿಲುಗಳು ಕೊನೆಗೂ ತೆರೆಯಲಿಲ್ಲ. ಒಂದು ಮನೆಯಿಂದ ಗಂಡ ಹೊರಬಂದರೆ ಹೆಂಡತಿ ಅಂಗಿ ಹಿಡಿದು ಒಳಗೆಳೆದಳು. ಇನ್ನೊಂದರಲ್ಲಿ ಹೆಂಡತಿ ಬಂದಳು, ಗಂಡ ಬರಲಿಲ್ಲ. ಆದರೆ ಚರ್ಚಿನ ಹಿಂದಿನ ಏರು ಹತ್ತುವಾಗ ಏಣಿಗೆ ಹೆಗಲು ಕೊಡಲು ಜಾಗ ಸಾಲದೆ ಜನ ಬದಲಾಯಿಸಿಕೊಳ್ಳುತ್ತಿದ್ದರು.

ಸ್ಮಶಾನದ ಗೇಟಿಗೆ ಬೀಗ ಹಾಕಿತ್ತು. ಬೀಗದ ಮುಂದೆ ನಿಕಾನೋರ್ ಕಲ್ಲಿನ ಮೇಲೆ ಕೂತಿದ್ದ.

"ಬೀಗದ ಕೈ ಕೊಡಿ ತಾಯ್ತಾ," ಎಂದ ಅಬೆಲಾರ್ದೋ.

"ಕೊಡಕ್ಕಾಗಲ್ಲ."

"ಕೊಡ್ದಿದ್ರೆ ಗೋಡೆ ಹಾರಿ ಹೋಗ್ತೀವಿ," ಎಂದಳು ಅಗ್ರಿಪಿನಾ. "ನನ್ನ ತಮ್ಮ ಹಾರಲ್ಲ, ಅವನನ್ನ ದಾಟಿಸ್ತೀವಿ."

ಮುದುಕ ಅವಳತ್ತ ನೋಡಲಿಲ್ಲ. ಹಿಲಾರಿಯಾಳನ್ನು ನೋಡಿ ಹೇಳಿದ. "ನಿನ್ನೆ ಬಂದ ಐದು ಜನದಲ್ಲಿ ರುಪೆರ್ತೋ ಇದ್ದ."

ರುಪೆರ್ತೋ ಮುದುಕನ ಒಬ್ಬನೇ ಮಗ. ಎರಡು ವರ್ಷದ ಹಿಂದೆ ಪಟ್ಟಣಕ್ಕೆ ಓದಲು ಹೋದವನು ಅಲ್ಲಿಂದ ಗುಡ್ಡಕ್ಕೆ ಹೋಗಿದ್ದ. ಊರಿಗೆಲ್ಲ ಗೊತ್ತಿದ್ದ ವಿಷಯ. ಅಪ್ಪನ ಬಾಯಿಂದ ಇದೇ ಮೊದಲು ಬಂದದ್ದು.

"ಅವನು ಗುಂಡು ಹೊಡೀಲಿಲ್ಲ. ಬೀದಿ ತಿರುವಲ್ಲಿ ನಿಂತಿದ್ದ. ನಮ್ಮನೆ ಬಾಗ್ಲು ತಟ್ಟಿ, ಅಪ್ಪಾ, ಯಾರೂ ಹೆಣ ಮುಟ್ಟದ ಹಾಗೆ ನೋಡ್ಕೋ ಅಂದ. ಮುಟ್ಟಿದ್ರೆ ನಿನ್ನ ಮುಗ್ಸಕ್ಕೆ ನನ್ನನ್ನೇ ಕಳಿಸ್ತಾರೆ ಅಂದ. ಅವ್ರು ಹಾಗೇ ಮಾಡೋದು. ನನ್ನ ಜೀವಕ್ಕಲ್ಲ ಮಗಳೇ. ಅಪ್ಪನ್ನ ಕೊಂದ ಕೈ ಅವನಿಗೆ ಆಗೋದು ಬೇಡ ಅಂತ."

ಏಣಿಯನ್ನು ನೆಲಕ್ಕಿಳಿಸಿದರು. ಬೆಳಗಿನಿಂದ ದನಿ ಎತ್ತದಿದ್ದ ಹಿಲಾರಿಯಾ ಮುದುಕನ ಎದುರು ಕೂತಳು.

"ರುಪೆರ್ತೋನ ನಾಳೆ ಸೈನ್ಯದೋರು ಕೊಂದು ಹಳ್ಳದಲ್ಲಿ ಎಸೀತಾರೆ ಅಂದ್ಕೊಳ್ಳಿ ತಾಯ್ತಾ. ಮುಟ್ಟಬೇಡ ಅಂತಾರೆ. ನೀವು ಮುಟ್ಟಲ್ವಾ?"

ನಿಕಾನೋರ್ ತನ್ನ ಕೈ ನೋಡಿಕೊಂಡ.

"ನಿಮ್ಮ ಜೊತೆ ಹಳ್ಳಕ್ಕೆ ಇಳಿಯೋರು ಯಾರು ಅಂತ ಕೇಳ್ಕೊಳ್ಳಿ. ಇಡೀ ಊರಲ್ಲಿ ಒಬ್ಬ ಇಳೀತಿದ್ದ. ಅವನು ಇಲ್ಲಿ ಏಣಿ ಮೇಲೆ ಮಲಗಿದಾನೆ."

ಗಾಳಿಗೆ ಕಂಬಳಿಯ ಅಂಚು ಹಾರಿತು. ಅವಳು ಅದನ್ನು ಸರಿಮಾಡಿದಳು. ನಿಕಾನೋರ್ ಸೊಂಟದಿಂದ ಬೀಗದ ಕೈ ತೆಗೆದು, ತಾನೇ ಗೇಟು ತೆರೆದು, ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡ.

"ನೀವು ಕೂತ್ಕೊಳ್ಳಿ ತಾಯ್ತಾ, ನಾನು ತೋಡ್ತೀನಿ," ಎಂದ ಪ್ರುದೆನ್ಸಿಯೋ.

"ನೀನು ಮಣ್ಣೆತ್ತು. ಹಾರೆ ನಂದು."

ಕೆಂಪು ನೆಲ, ಕಲ್ಲು ಕಲ್ಲು. ಗುಂಡಿ ನಿಧಾನವಾಗಿ ಇಳಿಯಿತು. ಸಾರಾಯಿ ಬಾಟಲಿ ಕೈಯಿಂದ ಕೈಗೆ ಹೋಯಿತು; ಪ್ರತಿಯೊಬ್ಬರೂ ಮೊದಲ ಹನಿಯನ್ನು ನೆಲಕ್ಕೆ ಬಿಟ್ಟು ಕುಡಿದರು. ಕುಡಿದ ಮೇಲೆ ಬಾಯಿ ಸಡಿಲವಾಯಿತು.

"ಇವನು ಬೂಟಿನ ಆಸೆಗೆ ಸೈನ್ಯಕ್ಕೆ ಹೋದ ಅಂತಿದ್ರಪ್ಪ ನಮ್ಮಪ್ಪ," ಎಂದ ಪ್ರುದೆನ್ಸಿಯೋ.

"ಬೂಟಿಗೆ ಹೋಗೋನಾಗಿದ್ರೆ ಕಾಲಿಗೆ ಸರಿಯಾಗೋದು ಕೇಳ್ತಿದ್ದ. ಎರಡು ವರ್ಷ ಹುಲ್ಲು ತುಂಬ್ಕೊಂಡು ನಡೆದ," ಎಂದ ಅಬೆಲಾರ್ದೋ. "ನನ್ನನ್ನ ಸಂತೇಲಿ ಹಿಡ್ದು ಲಾರಿಗೆ ಹಾಕಿದ್ದು. ನಾನು ಮಾರಕ್ಕೆ ತಂದಿದ್ದ ಕೋಳೀನೂ ಬಿಡ್ಲಿಲ್ಲ, ಅದನ್ನೂ ಹಾಕ್ಕೊಂಡ್ರು. ಕೋಳಿ ಅವತ್ತೇ ಮುಗೀತು. ನಾನು ಉಳ್ಕೊಂಡೆ. ಮೊದಲ್ನೇ ರಾತ್ರಿ ಅಳ್ತಿದ್ದೆ. ಪಕ್ಕದ ಚಾಪೇಲಿದ್ದ ಇವ್ನು, ನಾನೇ ಬಂದೆ ಅಂದ. ಹುಚ್ಚ ಅಂದ್ಕೊಂಡೆ."

"ಹೆದರಿಕೇನೇ ಇರ್ಲಿಲ್ವಾ ಅವನಿಗೆ?" ಪ್ರುದೆನ್ಸಿಯೋನ ಹೆಂಡತಿ ಕೇಳಿದಳು.

"ಇರ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ಸೇತುವೆ ಹತ್ರ ಪಾರ್ಟಿಯೋರು ನಮ್ಮ ಏಳು ಜನರ ಮೇಲೆ ಬಿದ್ರಲ್ಲ, ಆಗ ಇವನು ಉಚ್ಚೆ ಹುಯ್ಕೊಂಡಿದ್ದ. ನಾನೂ. ಹಿಂದೆ ಸಂತೆ ಬಸ್ಸು ಬರ್ತಿತ್ತು, ತುಂಬಾ ಜನ, ಹೆಂಗಸ್ರು, ಕುರಿ. ನಾವು ಓಡಿದ್ರೆ ಬಸ್ಸು ಅವರ ಕೈಗೆ. ಬಸ್ಸು ಆ ಸಣ್ಣ ದಾರೀಲಿ ಹಿಂದಕ್ಕೆ ತಿರುಗೋವರೆಗೂ ಒದ್ದೆ ಚಡ್ಡೀಲೇ ಗುಂಡು ಹೊಡೀತಾ ಬಿದ್ಕೊಂಡಿದ್ವಿ. ಹಿಂದಿರುಗಿ ಬಂದಾಗ ನಾವು ಐದು ಜನ. ಇವನು ಒಂದೇ ಮಾತಂದ, ನಮಗೆ ಯಾರೂ ಚಪ್ಪಾಳೆ ತಟ್ಟೋದು ಬೇಡ ಅಂತ."

ಕಸಿಮಿರಾ ಬಾಟಲಿಯನ್ನು ಅವನಿಗೆ ಮತ್ತೊಂದು ಸಲ ಕೊಟ್ಟಳು.

ಗುಂಡಿ ನಿಕಾನೋರನ ಎದೆಮಟ್ಟ ಬಂದಾಗ ಮೇಲಿನ ದಿಬ್ಬದಿಂದ ಸಿಳ್ಳೆ ಕೇಳಿತು.

ಎಲ್ಲರೂ ತಲೆ ಎತ್ತಿದರು. ಆಕಾಶದ ಅಂಚಿನಲ್ಲಿ ಒಬ್ಬ ನಿಂತಿದ್ದ. ಮೈಮೇಲೆ ಪೊಂಚೋ ಕಂಬಳಿ, ಹೆಗಲ ಮೇಲೆ ಉದ್ದನೆಯದೇನೋ. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಹೊಸದಾಗಿ ಬಂದಿದ್ದ ಇಬ್ಬರು ಗೇಟಿನತ್ತ ಸರಿದರು. ಅಬೆಲಾರ್ದೋ ಕೋವಿ ತೆಗೆದುಕೊಂಡ. ಅದರ ಗುಂಡು ಅರ್ಧ ದಾರಿಗೂ ಹೋಗದೆಂದು ಅವನಿಗೆ ಗೊತ್ತಿತ್ತು.

"ಕೆಳಗಿಡು," ಎಂದ ನಿಕಾನೋರ್. ಗುಂಡಿಯಿಂದ ತೆವಳಿ ಮೇಲೆ ಬಂದು, ಅಗೆದ ಮಣ್ಣಿನ ಗುಡ್ಡೆಯ ಮೇಲೆ ನಿಂತ. ಅಂಗೈ ಬಾಯಿಗೆ ಕೊಟ್ಟು, ಹೊಲದಿಂದ ಹೊಲಕ್ಕೆ ಕೂಗುವವನ ಹಾಗೆ ಕೂಗಿದ.

"ನಾನು ನಿಕಾನೋರ್ ಅಯಾಲಾ. ಬೀಗ ತೆಗೆದಿದ್ದು ನಾನೇ. ಗುಂಡಿ ತೋಡಿದ್ದೂ ನಾನೇ. ಚೆನ್ನಾಗಿ ನೋಡ್ಕೋ."

ದನಿ ದಿಬ್ಬಕ್ಕೆ ಬಡಿದು ಹಿಂದಿರುಗಿತು. ಮೇಲಿದ್ದವನು ಕದಲಲಿಲ್ಲ.

ಕಸಿಮಿರಾ ಕೋಲೂರಿಕೊಂಡು ಮುದುಕನ ಪಕ್ಕ ಹತ್ತಿದಳು. "ನಾನು ಕಸಿಮಿರಾ. ಗಿರಣಿ ಬೆರ್ನಾಬೆ ಹೆಂಡ್ತಿ. ನಾನೂ ಹೊತ್ತಿದೀನಿ."

"ಅಬೆಲಾರ್ದೋ ಪೂಮಾ. ತೊರೆಯಾಚೆಯೋನು. ಮನೆ ಮುಂದೆ ಎರಡು ನೀಲಗಿರಿ ಮರ ಇದಾವೆ, ತಪ್ಪೋದಿಲ್ಲ."

"ಅಗ್ರಿಪಿನಾ ಯುಪಾರಿ. ನಿಮ್ಮ ರಟ್ಟಲ್ಲಿ ನೀರು ಕಾಯಿಸ್ದೋಳು."

ಪ್ರುದೆನ್ಸಿಯೋ ಏನೋ ಗೊಣಗಿದ.

"ಕೋಳಿಗೆ ಹೇಳ್ತಿದೀಯಾ?" ಎಂದಳು ಅಗ್ರಿಪಿನಾ. "ಗುಡ್ಡಕ್ಕೆ ಹೇಳು."

ಅವನು ಗಂಟಲು ಸರಿಮಾಡಿಕೊಂಡು ಹೆಸರು ಕೂಗಿದ. ದನಿ ಹೊರಬಂದಾಗ ಅವನಿಗೇ ಆಶ್ಚರ್ಯವಾಯಿತು. ಮತ್ತೊಂದು ಸಲ, ಅಪ್ಪನ ಹೆಸರೂ ಸೇರಿಸಿ ಕೂಗಿದ. ಅವನ ಹೆಂಡತಿ ಕೂಗಿದಳು. ಗೇಟಿನ ಹತ್ತಿರ ಸರಿದಿದ್ದ ಇಬ್ಬರಲ್ಲಿ ಒಬ್ಬ ಹೋಗಿಬಿಟ್ಟ, ಇನ್ನೊಬ್ಬ ಹಿಂದಿರುಗಿ ಬಂದು ಕೂಗಿದ. ಕೆಳಗೆ ಊರಿನಲ್ಲಿ ಈ ಕೂಗು ಕೇಳಿ ಜನ ಅಂಗಳಕ್ಕೆ ಬಂದರು. ಯಾರೋ ಒಬ್ಬಳು ತನ್ನ ಅಂಗಳದಲ್ಲೇ ನಿಂತು ತನ್ನ ಹೆಸರು ಕೂಗಿದಳು. ಅಷ್ಟು ದೂರಕ್ಕೆ ಹೆಸರು ಸ್ಪಷ್ಟವಾಗಲಿಲ್ಲ, ಅವಳು ಯಾರೆಂದು ದನಿಯಿಂದಲೂ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಇನ್ನೊಂದು ಅಂಗಳ, ಮತ್ತೊಂದು.

ಕೊನೆಗೆ ಹಿಲಾರಿಯಾ ಎದ್ದು ನಿಂತಳು. "ಹಿಲಾರಿಯಾ," ಎಂದಳು. ಕೂಗಲಿಲ್ಲ, ಎದುರು ಕೂತವರಿಗೆ ಹೇಳುವಷ್ಟೇ ದನಿ. "ಸೆರಾಪಿಯೋ ಯುಪಾರಿ ಹೆಂಡ್ತಿ."

ದಿಬ್ಬದ ಮೇಲಿದ್ದವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ತಿರುಗಿ ಆಚೆಗಿಳಿದ. ಮೊದಲು ಕಾಲು, ಆಮೇಲೆ ಹೆಗಲು, ಕೊನೆಗೆ ಟೋಪಿ ಮರೆಯಾಯಿತು.

"ಅವನೇನಾ ತಾಯ್ತಾ?" ಅಬೆಲಾರ್ದೋ ಮೆಲ್ಲಗೆ ಕೇಳಿದ.

"ದೂರ ಇತ್ತು," ಎಂದ ನಿಕಾನೋರ್. ಹಾರೆಯ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದ. "ನಡಿಗೆ ಅವನದೇ."

ಸೆರಾಪಿಯೋನನ್ನು ಕಂಬಳಿಯಲ್ಲಿ ಸುತ್ತಿ ಇಳಿಸಿದರು. ಅಗ್ರಿಪಿನಾ ಹೆಣದ ಹಾಡು ಎತ್ತಿದಳು. ಅಜ್ಜಿಯರ ಕಾಲದ ಹಾಡು. ಅಷ್ಟು ಎತ್ತರದ ದನಿಯಲ್ಲಿ ಊರಿನಲ್ಲಿ ಯಾರಾದರೂ ಹಾಡಿ ಆರು ವರ್ಷಗಳಾಗಿದ್ದವು. ನಡುವೆ ದನಿ ಒಡೆದಾಗ ಕಸಿಮಿರಾ ಎತ್ತಿಕೊಂಡಳು. ಗಂಡಸರು ಮಣ್ಣು ತಳ್ಳಿದರು. ಹಿಲಾರಿಯಾ ಮೂರು ಹಿಡಿ ಹಾಕಿದಳು. ಮಗು ಎಚ್ಚರವಾಗಿ ಅತ್ತಿತು. ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಹಾಲು ಕುಡಿಸಿದಳು.

"ಅವ್ರು ಬಂದೇ ಬರ್ತಾರೆ," ಎಂದ ಅಬೆಲಾರ್ದೋ. "ಇವತ್ತಲ್ಲ ನಾಳೆ. ಐದು ಜನ ಅಲ್ಲ, ಐವತ್ತು."

"ಠಾಣ್ಯಕ್ಕೆ ಹೇಳಿ ಕಳಿಸೋಣ," ಎಂದ ಯಾರೋ.

"ಕಳಿಸಿ. ಬಂದ್ರೆ ಬರ್ಲಿ," ಎಂದಳು ಹಿಲಾರಿಯಾ. ಮಗುವನ್ನು ಬೆನ್ನಿಗೆ ಹಾಕಿ ಕಂಬಳಿಯ ಗಂಟನ್ನು ಎದೆಯ ಮೇಲೆ ಬಿಗಿದಳು. "ಅಲ್ಲಿವರೆಗೆ ಮೇಲೆ ಕಾವಲಿಗೆ ಯಾರು ಕೂರ್ತೀರಿ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಸ್ಮಶಾನದ ಹಿಂದಿನ ಗೋಡೆಯ ಮುರುಕಿನಿಂದ ದಾಟಿ ದಿಬ್ಬದ ದಾರಿ ಹಿಡಿದಳು. ಅಗ್ರಿಪಿನಾ ಕೈಯ ಮಣ್ಣು ಒರೆಸಿಕೊಳ್ಳುತ್ತಾ ಹಿಂದೆ ಹೊರಟಳು. ಅವಳ ಹಿಂದೆ ಅಬೆಲಾರ್ದೋ, ಅವನ ಹಿಂದೆ ಹಾರೆ ಹಿಡಿದ ನಿಕಾನೋರ್.

ಮಧ್ಯಾಹ್ನ ಕಳೆಯುವ ಹೊತ್ತಿಗೆ ದಿಬ್ಬದ ಉದ್ದಕ್ಕೂ ಜನ ಕೂತಿದ್ದರು. ಕೆಳಗಿನಿಂದ ಒಬ್ಬೊಬ್ಬರಾಗಿ ಬಂದವರು, ಹತ್ತು ಹತ್ತು ಹೆಜ್ಜೆ ಬಿಟ್ಟು, ಮಡಿಲಲ್ಲಿ ಕಲ್ಲು ಗುಡ್ಡೆ ಹಾಕಿಕೊಂಡು. ಎಲ್ಲರ ಬೆನ್ನು ಊರಿಗೆ, ಮುಖ ಹಳದಿ ಹುಲ್ಲಿನ ಬಯಲಿಗೆ. ನಡುವೆ ಹಿಲಾರಿಯಾ ಕೂತಿದ್ದಳು. ಅವಳ ಬೆನ್ನಿನ ಕಂಬಳಿಯಿಂದ ತಲೆ ಹೊರಹಾಕಿ, ಬ್ರೆಡ್ಡಿನ ತುಂಡೊಂದನ್ನು ಚೀಪುತ್ತಾ, ಮಗು ಒಂದೇ ಹಿಂದಕ್ಕೆ ತಿರುಗಿ ಕೆಳಗಿನ ಮನೆಗಳನ್ನು ನೋಡುತ್ತಿತ್ತು.